ಕ್ಷೌರದ ಕತ್ತಿ ಕೂದಲು ಎಳೆಯುತ್ತಿದ್ದರೆ: ಸ್ಟ್ರಾಪಿನ (ಕತ್ತಿ ಹದಮಾಡುವ ಚರ್ಮದ ಪಟ್ಟಿಯ) ಎರಡೂ ಮುಖ ಬಳಸಿ

ಮಡಚುವ ಕತ್ತಿ ಕೆನ್ನೆಯ ಮೇಲೆ ಸರಿಯಾಗಿಯೇ ಓಡುತ್ತಿತ್ತು. ಗದ್ದ, ಮೇಲ್ದುಟಿಗೆ ಬಂದ ಕೂಡಲೇ ಕೂದಲು ಕತ್ತರಿಸದೆ ಎಳೆಯುತ್ತಿತ್ತು. ಕಲ್ಲಿನ ಮೇಲೆ ಮಸೆದರೆ ಕೆಲವು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ.

ಸೋಪು ಬದಲಾಯಿಸಿದರೂ ಪ್ರಯೋಜನ ಆಗಲಿಲ್ಲ. ಸ್ಟ್ರಾಪಿನ ನುಣುಪು ಮುಖದ ಮೇಲೆ ಕತ್ತಿಯನ್ನು ಜಾಸ್ತಿ ಹೊತ್ತು ಎಳೆದರೂ ಅಷ್ಟೇ. ಒತ್ತಿ ಎಳೆದರೆ ಇನ್ನೂ ಹಾಳು: ಪಟ್ಟಿಯ ಚರ್ಮ ತಗ್ಗಿ, ಕತ್ತಿಯ ಅಂಚು ದುಂಡಗಾಗುತ್ತದೆ.

ಕೆಲಸ ಮಾಡಿದ್ದು ಪಟ್ಟಿಯ ಹಿಂಬದಿಯ ಒರಟು ಮುಖ. ನುಣುಪು ಚರ್ಮ ಅಂಚನ್ನು ನೇರ ಮಾಡುತ್ತದೆ, ಲೋಹವನ್ನು ಸವೆಸುವುದು ತೀರಾ ಕಡಿಮೆ. ಅಂಚೇ ಮೊಂಡಾಗಿದ್ದರೆ ಅದರಿಂದ ಆಗುವುದೇನು, ಅಲ್ವಾ? ಒರಟು ಮುಖಕ್ಕೆ 0.5 ಮೈಕ್ರಾನ್ ಕಣಗಳ ಕ್ರೋಮಿಯಂ ಆಕ್ಸೈಡ್, ಅಂದರೆ ಹಸಿರು ಪೇಸ್ಟು, ತೆಳುವಾಗಿ ಸವರಿ. ಚರ್ಮದ ಬಣ್ಣ ಕಾಣುತ್ತಿರಬೇಕು. ಪಟ್ಟಿಯನ್ನು ಬಿಗಿಯಾಗಿ ಹಿಡಿದು, ಕತ್ತಿಯ ಬೆನ್ನು ಮತ್ತು ಅಂಚು ಎರಡೂ ಚರ್ಮಕ್ಕೆ ತಾಗುವಂತೆ ಮಲಗಿಸಿ. ಬೆನ್ನು ಮುಂದೆ, ಅಂಚು ಹಿಂದೆ. ಪಟ್ಟಿಯ ತುದಿಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಿ ವಾಪಸ್ ತನ್ನಿ. ಕತ್ತಿಯ ತೂಕವೇ ಸಾಕು, ಕೈ ಭಾರ ಬೇಡ. ಹೀಗೆ ಹೋಗಿಬಂದು 10 ಸಲ.

ಆಮೇಲೆ ಕತ್ತಿಯನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ. ಇದನ್ನು ಬಿಟ್ಟರೆ ಪೇಸ್ಟು ನುಣುಪು ಮುಖಕ್ಕೂ ಅಂಟುತ್ತದೆ, ಅದನ್ನು ತೆಗೆಯುವುದು ದೊಡ್ಡ ತಲೆನೋವು. ನಂತರ ನುಣುಪು ಮುಖದ ಮೇಲೆ 50 ಸಲ.

ದಿನಾ ಶೇವಿಂಗಿಗೆ ಮೊದಲು ನುಣುಪು ಮುಖ ಮಾತ್ರ. ಒರಟು ಮುಖ, ಕತ್ತಿ ಕೂದಲು ಎಳೆಯಲು ಶುರು ಮಾಡಿದಾಗಷ್ಟೇ; ಸುಮ್ನೆ ದಿನಾ ಅದರ ಮೇಲೆ ಎಳೆದರೆ ಅಂಚು ದುಂಡಗಾಗುತ್ತದೆ.