ಆರ್‌ಒ ನೀರು ಕೊಟ್ಟ ಪೆಟ್ಟು

ವಿಜಯನಗರದ ನಮ್ಮ ಮನೆಯಲ್ಲಿ ನೀರು ಮೂರು ಬಗೆ: ದಿನ ಬಿಟ್ಟು ದಿನ ಬರುವ ಕಾವೇರಿ, ಬೋರ್‌ವೆಲ್, ಅಡುಗೆಮನೆಯ ಆರ್‌ಒ. ಆಕ್ಸೊಲಾಟಲ್ (ನೀರಿನಲ್ಲೇ ಬಾಳುವ, ಬಾಲವಿರುವ ಉಭಯಚರಿ) ತರುವ ಮೊದಲು ಆರು ವಾರ, ಪ್ರಾಣಿಯಿಲ್ಲದ ನೀರಿನ ತೊಟ್ಟಿಗೆ ಅಮೋನಿಯಾ ಹನಿಸಿ, ಆ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾವನ್ನು ಫಿಲ್ಟರ್‌ನಲ್ಲಿ ಬೆಳೆಸಿದ್ದೆ. ಅಷ್ಟು ತಾಳ್ಮೆ ತೋರಿದವನು, ಪ್ರಾಣಿ ಬಂದ ಮೇಲೆ ವಾರವಾರವೂ ಹಳೆಯ ನೀರು ತೆಗೆದು ತುಂಬಿದ್ದು ಆರ್‌ಒ ನೀರನ್ನು. ನಾವು ಕುಡಿಯುವುದೇ ಅದನ್ನಲ್ಲವೇ!

ಮೂರು ತಿಂಗಳಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ; ಇಳಿದಷ್ಟೂ ನೀರು ಆಮ್ಲೀಯ) 6.2ಕ್ಕೆ ಕುಸಿಯಿತು, ಸೊನ್ನೆ ಇರಬೇಕಾದ ಅಮೋನಿಯಾ 1 ಪಿಪಿಎಂ (ಹತ್ತು ಲಕ್ಷದಲ್ಲೊಂದು ಪಾಲು) ತೋರಿಸಿತು. ಪ್ರಾಣಿಯ ವಿಸರ್ಜನೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು, ಪಿಎಚ್ ಕುಸಿಯದಂತೆ ತಡೆಯುವ ನೀರಿನ ಕಾರ್ಬೊನೇಟನ್ನು ಬಳಸಿ ಖಾಲಿ ಮಾಡುತ್ತಾ ಹೋಗುತ್ತವೆ. ಆರ್‌ಒ ನೀರಿನಲ್ಲಿ ಅದು ಇರುವುದೇ ಅತ್ಯಲ್ಪ. ಆಮ್ಲತೆ ಏರಿದಂತೆ ಅವುಗಳ ಕೆಲಸವೂ ನಿಧಾನವಾಗುತ್ತದೆ.

ಗಾಬರಿಯಲ್ಲಿ ಎರಡು ಬಕೆಟ್ ಬೋರ್‌ವೆಲ್ ನೀರು ಸುರಿದೆ. ಪಿಎಚ್ ಒಮ್ಮೆಲೇ ಏರಿತು. ನಿಜವಾದ ತಪ್ಪು ಇದು. ಆಮ್ಲೀಯ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ; ಪಿಎಚ್ ಒಂದು ಅಂಕ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಸಂಜೆಗೆ ತಲೆಯ ಪಕ್ಕ ಹೊರಚಾಚಿದ ಕಿವಿರುಗಳು ಮುಂದಕ್ಕೆ ಬಾಗಿದ್ದವು, ಅವುಗಳ ಗರಿಯಂಥ ಎಳೆಗಳು ಮುದುಡಿದ್ದವು. ಕ್ಲೋರಿನ್ ಕಳೆದ ಕಾವೇರಿ ನೀರಿನ ಟಬ್ಬಿಗೆ ಪ್ರಾಣಿಯನ್ನು ವರ್ಗಾಯಿಸಿ, ಹದಿನೈದು ದಿನ ನಿತ್ಯವೂ ಪೂರ್ತಿ ನೀರು ಬದಲಿಸಿದೆ. ಅಷ್ಟರಲ್ಲಿ ತೊಟ್ಟಿಯ ಪಿಎಚ್ ಅನ್ನು ಹಂತಹಂತವಾಗಿ ಏರಿಸಿ, ಫಿಲ್ಟರ್‌ನಲ್ಲಿ ನಿಧಾನವಾಗಿ ಕಾರ್ಬೊನೇಟ್ ಬಿಡುವ ಹವಳದ ಚೂರಿನ ಚೀಲ ಇಟ್ಟೆ.

ಈಗ ಮುಕ್ಕಾಲು ಭಾಗ ಕಾವೇರಿ, ಕಾಲು ಭಾಗ ಬೋರ್‌ವೆಲ್. ಇದು ಮೂಲತಃ ಮೆಕ್ಸಿಕೊದ ಕ್ಸೋಚಿಮಿಲ್ಕೊ ಸರೋವರದ ಪ್ರಾಣಿ. ತುಸು ಗಡಸು ನೀರೇ ಅದಕ್ಕೆ ಒಗ್ಗುತ್ತದೆ. ಬೋರ್‌ವೆಲ್ ಹೆಚ್ಚಿಸುವಂತಿಲ್ಲ, ನಮ್ಮದರಲ್ಲಿ ನೈಟ್ರೇಟೇ 40 ಪಿಪಿಎಂ ಇದೆ. ತೊಟ್ಟಿಯಲ್ಲಿ ಅದು 20 ದಾಟದಂತೆ, ಅಮೋನಿಯಾ, ನೈಟ್ರೈಟ್ ಸೊನ್ನೆ ಇರುವಂತೆ ಪ್ರತಿ ಭಾನುವಾರ ನೀರಿನ ಮಾದರಿಗೆ ಪರೀಕ್ಷಾ ದ್ರಾವಣದ ಹನಿ ಹಾಕಿ ಬಣ್ಣ ನೋಡುತ್ತೇನೆ. ಪಿಎಚ್ 7.5ರ ಆಸುಪಾಸಿನಲ್ಲಿದೆ.

ಏಪ್ರಿಲ್ ಬಂದರೆ ಬೇರೆಯೇ ಪಾಡು. ಬೇಕಾದದ್ದು 16ರಿಂದ 18 ಡಿಗ್ರಿ, ನಮ್ಮ ಹಜಾರದ ನೀರು 27. ಶಾಖ ಏರಿದರೂ ಅಮೋನಿಯಾದ ವಿಷ ಹೆಚ್ಚುತ್ತದೆ. ಫ್ಯಾನ್ ಮೂರು ಡಿಗ್ರಿಯಷ್ಟೇ ಇಳಿಸಿತು. ಅವರೆಕಾಳಿಗೆ ಮೀಸಲಾಗಿದ್ದ ಫ್ರೀಜರ್ ಜಾಗವನ್ನು ಮಂಜುಗಟ್ಟಿದ ಬಾಟಲಿಗಳು ಕಬಳಿಸಿದವು. ಕೊನೆಗೆ ನೀರು ತಂಪಾಗಿಸುವ ದುಬಾರಿ ಚಿಲ್ಲರ್ ಕೊಂಡೆ. ಕರೆಂಟ್ ಹೋದಾಗ ಈಗಲೂ ಬಾಟಲಿಯೇ ಗತಿ.

ಬೇಸಿಗೆಯಲ್ಲಿ ತೊಟ್ಟಿಯ ನೀರು ಬೇಗ ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಆ ಕೊರತೆಯನ್ನಷ್ಟೇ ಈಗ ಆರ್‌ಒ ನೀರಿನಿಂದ ತುಂಬುತ್ತೇನೆ, ವಾರಕ್ಕೆ ಎರಡು ಚೊಂಬು.