ಮಕ್ಕಳ ಕೈಗೆ ಒಂದು ಕೆಲಸ ಪೂರ್ತಿ ಬಿಟ್ಟುಕೊಡಿ

ಮಕ್ಕಳು ಮನೆಕೆಲಸಕ್ಕೆ ಕೈ ಹಚ್ಚೋದಿಲ್ಲ ಅಂತ ಗೊಣಗುವ ತಾಯಂದಿರಿಗೆ ನಾನು ಮೊದಲು ಕೇಳುವುದು ಒಂದೇ. ಆ ಮಗುವಿಗೆ ಅಂತ ಯಾವ ಕೆಲಸ ಬಿಟ್ಟುಕೊಟ್ಟಿದ್ದೀರಿ? ಹೆಚ್ಚಿನವರು ಸುಮ್ಮನಾಗುತ್ತಾರೆ. ಯಾಕೆಂದರೆ ದಿನವಿಡೀ ನಡೆಯೋದು ಬೇರೆಯೇ. "ಅದನ್ನ ತಗೊಂಡು ಬಾ, ಇದನ್ನ ಒಳಗಿಡು, ಹೋಗಿ ಕೊತ್ತಂಬರಿ ಸೊಪ್ಪು ತಾ." ಆಟದ ಮಧ್ಯೆ, ಟೀವಿ ಮಧ್ಯೆ, ಯಾವಾಗ ಬೇಕಾದರೂ ಕೂಗು ಬರುತ್ತದೆ. ಹಾಗೆ ಕೂಗಿದರೆ ದೊಡ್ಡವರೂ ಸಿಡುಕುತ್ತಾರೆ, ಮಕ್ಕಳು ಸಿಡುಕಿದರೆ ಆಶ್ಚರ್ಯ ಏನಿದೆ? ಮೊದಲಿಂದ ಕೊನೆವರೆಗೆ ತನ್ನದೇ ಅನ್ನುವ ಒಂದು ಕೆಲಸ ಕೊಟ್ಟು ನೋಡಿ, ಅದೇ ಮಗು ಬೇರೆ ಥರ ಕಾಣುತ್ತದೆ.

ನಮ್ಮ ದಾವಣಗೆರೆಯ ಮನೆಯಲ್ಲಿ ನಲ್ಲಿ ನೀರು ಮೂರನೇ ತರಗತಿಯ ಮೊಮ್ಮಗನ ಕೆಲಸ. ನಮ್ಮ ಏರಿಯಾದಲ್ಲಿ ನೀರು ದಿನಾ ಬರೋದಿಲ್ಲ. ಬರುವ ದಿನ ಮೊದಲು ನಲ್ಲಿ ಬುಸ್ ಅಂತ ಗಾಳಿ ಬಿಡುತ್ತದೆ. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಅವನು ಎದ್ದು ಓಡುತ್ತಾನೆ. ಮೊದಲು ಬರುವ ಕದಡಿದ ನೀರನ್ನು ಬಚ್ಚಲಿನ ಬಕೆಟ್ಟಿಗೆ ಬಿಡುತ್ತಾನೆ. ತಿಳಿಯಾದ ಮೇಲೆ ಕೊಡಪಾನದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕುಡಿಯುವ ನೀರು ಹಿಡಿಯುತ್ತಾನೆ. ಆಮೇಲೆ ಪೈಪು ಸಿಗಿಸಿ ಡ್ರಮ್ಮು, ಕೊನೆಗೆ ತುಳಸಿ ಕಟ್ಟೆಗೆ ಒಂದು ಚೊಂಬು. ತುಂಬಿದ ಕೊಡ ಎತ್ತೋದು ಮಾತ್ರ ಅವರಪ್ಪನ ಪಾಲು. ನಮ್ಮ ಯಜಮಾನರು ಅವನಿಗೆ ನೀರುಗಂಟಿ, ಅಂದರೆ ಕಾಲುವೆ ನೀರನ್ನು ಹೊಲಗದ್ದೆಗೆ ಹಂಚಿ ಬಿಡುವವನು, ಅಂತ ಹೆಸರಿಟ್ಟಿದ್ದಾರೆ. ಭದ್ರಾ ಕಾಲುವೆ ಕೆಳಗಿನ ಊರಿನವರಿಗೆ ನೀರುಗಂಟಿಯ ಗತ್ತು ಏನು ಅಂತ ಹೇಳಬೇಕಾಗಿಲ್ಲ ಅಲ್ವಾ! ಒಂದು ಸಲ ಕ್ರಿಕೆಟ್ಟಿನ ಗುಂಗಿನಲ್ಲಿ ಡ್ರಮ್ಮು ಅರ್ಧಕ್ಕೇ ಉಳಿಯಿತು. ಯಾರೂ ಬೈಯಲಿಲ್ಲ. ಮಾರನೇ ದಿನ ಎಲ್ಲರಿಗೂ ಅರ್ಧ ಬಕೆಟ್ ಸ್ನಾನ. ಅವರಪ್ಪ ಅಷ್ಟರಲ್ಲೇ ಮಿಂದು ಡ್ಯೂಟಿಗೆ ಹೋದ. ಹುಡುಗ ಅದನ್ನು ನೋಡಿದ, ಅಷ್ಟೇ ಸಾಕಾಯಿತು.

ಇದರಲ್ಲೇ ಇರೋದು ಗುಟ್ಟು. ಕೊಡುವ ಕೆಲಸ ಮನೆಗೆ ನಿಜವಾಗಿ ಬೇಕಾದದ್ದೇ ಆಗಿರಬೇಕು. ಮಗು ಮಾಡದಿದ್ದರೆ ಮನೆಯವರಿಗೆ ತಟ್ಟಬೇಕು. ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸು ಅಂತ ಹೇಳಿ ಕೂರಿಸಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ, ಅವು ದಡ್ಡ ಅಲ್ಲ.

ಅಡುಗೆಮನೆಯಲ್ಲಿ ಶುರು ಮಾಡಿಸೋದಕ್ಕೆ ನಮ್ಮೂರಿನ ಮಂಡಕ್ಕಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಸಂಜೆ ಒಗ್ಗರಣೆ ಮಂಡಕ್ಕಿ ಮಾಡುವಾಗ ಮಂಡಕ್ಕಿ ನೆನೆಸಿ ಹಿಂಡುವ ಕೆಲಸ ಐದಾರು ವರ್ಷದ ಮಗುವಿಗೆ ಕೊಡಿ. ಬೆಂಕಿ ಇಲ್ಲ, ಚಾಕು ಇಲ್ಲ. ಅಗಲವಾದ ಬೋಗುಣಿಯಲ್ಲಿ ನೀರು ಇಟ್ಟು, ಒಂದೊಂದೇ ಹಿಡಿ ಮುಳುಗಿಸಿ ಕೂಡಲೇ ಎತ್ತಿ ಹಿಂಡೋದು ಹೇಳಿಕೊಡಿ. ತಡ ಮಾಡಿದರೆ ಮುದ್ದೆಯಾಗುತ್ತದೆ, ಜೋರಾಗಿ ಹಿಂಡಿದರೆ ಉಂಡೆಯಾಗುತ್ತದೆ. ಮೊದಲ ಹಿಡಿ ಕೆಡುತ್ತದೆ, ಕೆಡಲಿ. ಮೂರನೇ ಹಿಡಿಗೆ ಆ ಪುಟ್ಟ ಕೈಗೆ ಹದ ಸಿಕ್ಕಿರುತ್ತದೆ. ಒಗ್ಗರಣೆ ನೀವು ಹಾಕಿ, ಒಲೆ ಆರಿಸಿ ಬಂಡ್ಲಿ ಕೆಳಗಿಳಿಸಿ. ಮೇಲೆ ಪುಟಾಣಿ ಪುಡಿ ಉದುರಿಸೋದು ಮತ್ತೆ ಮಗುವಿಗೇ. ತಿನ್ನುವಾಗ "ಇವತ್ತು ಮಂಡಕ್ಕಿ ಯಾರು ಹಿಂಡಿದ್ದು?" ಅಂತ ಒಮ್ಮೆ ಕೇಳಿ ಸಾಕು. ಮುಖ ನೋಡಬೇಕು ಆಗ! ಶೇಂಗಾ ಸುಲಿಯೋದು, ಅವರೆಕಾಯಿ ಬಿಡಿಸೋದು, ಬೆಳ್ಳುಳ್ಳಿ ಎಸಳು ಬಿಡಿಸೋದು ಕೂಡ ಹೀಗೇ ಕೂತು ಮಾತಾಡುತ್ತ ಆಗುವ ಕೆಲಸ. ಆದರೆ ಒಣಮೆಣಸಿನಕಾಯಿ ತೊಟ್ಟು ಬಿಡಿಸಲು ಮಕ್ಕಳನ್ನು ಕೂರಿಸಬೇಡಿ. ಖಾರದ ಕೈ ಕಣ್ಣಿಗೆ ಹೋಗುತ್ತದೆ. ಅಕಸ್ಮಾತ್ ಮುಟ್ಟಿ ಕೈ ಉರಿದರೆ ಬರೀ ನೀರು ಸುರಿದು ಪ್ರಯೋಜನ ಇಲ್ಲ. ಖಾರ ನೀರಿಗೆ ಬಿಡೋದಿಲ್ಲ, ಎಣ್ಣೆಗೆ ಬಿಡುತ್ತದೆ. ಕೊಬ್ಬರಿ ಎಣ್ಣೆ ತಿಕ್ಕಿ ಆಮೇಲೆ ಸೋಪಿನಲ್ಲಿ ತೊಳೆಸಿ. ಕುಕ್ಕರ್ ಮುಚ್ಚಳ, ಬಿಸಿ ಎಣ್ಣೆ, ಬಚ್ಚಲು ತೊಳೆಯುವ ಆಸಿಡ್ ಇವೂ ಬೇಡ.

ಮಾಡಿದ್ದನ್ನು ಅವರ ಎದುರಿಗೇ ತಿದ್ದುವ ಚಟ ಇದೆ ನಮ್ಮ ಹೆಂಗಸರಿಗೆ. ಮಗು ಕಸ ಗುಡಿಸಿ ಪೊರಕೆ ಇಟ್ಟಿರೋದಿಲ್ಲ, ಹಿಂದೆಯೇ ಹೋಗಿ ಮೂಲೆ ಮೂಲೆ ಮತ್ತೆ ಗುಡಿಸುತ್ತೇವೆ. ಮಡಿಸಿಟ್ಟ ಟವೆಲ್ ಬಿಚ್ಚಿ ಮತ್ತೆ ಮಡಿಸುತ್ತೇವೆ. ಹೇಗೂ ಅಮ್ಮ ಮಾಡಿಕೊಳ್ಳುತ್ತಾಳೆ ಅಂತ ಮಗು ಆಮೇಲೆ ಬರೋದೇ ಇಲ್ಲ. ಸೊಟ್ಟ ಮಡಿಕೆಯ ಟವೆಲ್ಲೂ ಮೈ ಒರೆಸುತ್ತದೆ ಕಣ್ರೀ. ತೀರಾ ಕೆಟ್ಟಿದ್ದರೆ ಮುಂದಿನ ಸಲ ಶುರು ಮಾಡುವ ಮುಂಚೆ ಒಂದು ಮಾತು ಹೇಳಿ. "ಮಂಚದ ಕೆಳಗೆ ಪೊರಕೆ ಮಲಗಿಸಿ ಎಳಿ ಪುಟ್ಟ" ಅಂದರೆ ಸಾಕು.

ಇನ್ನು ದುಡ್ಡಿನ ವಿಷಯ. ಪಾತ್ರೆ ಒರೆಸಿದರೆ ಐದು ರೂಪಾಯಿ, ಹಾಸಿಗೆ ಮಡಿಸಿದರೆ ಚಾಕೊಲೇಟ್. ಇದು ನನಗೆ ಮೊದಲಿಂದಲೂ ಸೇರೋದಿಲ್ಲ. ನನ್ನ ಸೊಸೆ ಓದಿ ಹೇಳಿದ ಒಂದು ಪ್ರಯೋಗದಲ್ಲೂ ಇದೇ ಕಂಡಿದೆ. ಫೆಲಿಕ್ಸ್ ವಾರ್ನೆಕೆನ್, ಮೈಕೆಲ್ ಟೊಮಾಸೆಲ್ಲೊ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2008ರಲ್ಲಿ ಅದನ್ನು ಪ್ರಕಟಿಸಿದರು. 20 ತಿಂಗಳ ಮಕ್ಕಳ ಎದುರು ದೊಡ್ಡವರ ಕೈಯಿಂದ ವಸ್ತು ಬೀಳುತ್ತಿತ್ತು, ಮಕ್ಕಳು ಎತ್ತಿ ಕೊಡುತ್ತಿದ್ದವು. ಕೆಲವಕ್ಕೆ ಆಟಿಕೆಯ ಇನಾಮು, ಕೆಲವಕ್ಕೆ ಬರೀ ಹೊಗಳಿಕೆ, ಕೆಲವಕ್ಕೆ ಏನೂ ಇಲ್ಲ. ಇನಾಮು ನಿಲ್ಲಿಸಿದ ಮೇಲೆ ನೋಡಿದರೆ, ಇನಾಮು ಪಡೆದವೇ ಕಮ್ಮಿ ಎತ್ತಿ ಕೊಟ್ಟವು. ಕೈ ಜೋಡಿಸುವ ಆಸೆ ಮಕ್ಕಳಿಗೆ ಚಿಕ್ಕಂದಿನಿಂದಲೇ ಇರುತ್ತದೆ. ಎರಡು ವರ್ಷದ ಕೂಸು ಪೊರಕೆಗೆ ಕೈ ಹಾಕಿದಾಗ "ಥೂ, ಬಿಡು, ಗಲೀಜು" ಅಂತ ಕಿತ್ತುಕೊಂಡು, ಹತ್ತು ವರ್ಷಕ್ಕೆ ಪೊರಕೆ ಹಿಡಿ ಅಂದರೆ ಹೇಗೆ? ಕೂಸಿಗೆ ಒಂದು ಮೋಟು ಪೊರಕೆ ಕೊಡಿ. ಒಗೆಯುವ ಬಟ್ಟೆ ಬುಟ್ಟಿಗೆ ಹಾಕಲಿ, ಊಟಕ್ಕೆ ಮುಂಚೆ ಸ್ಟೀಲ್ ಲೋಟ ಇಡಲಿ. ಕೆಲಸ ಹಿಂದೆ ಬೀಳುತ್ತದೆ ನಿಜ. ಅದಕ್ಕೇ ಅವಸರದ ಬೆಳಗ್ಗೆ ಬೇಡ, ಸಂಜೆ ಇಟ್ಟುಕೊಳ್ಳಿ.

ಶಿಕ್ಷೆಯಾಗಿಯೂ ಕೆಲಸ ಕೊಡಬೇಡಿ. ಸುಳ್ಳು ಹೇಳಿದ್ದಕ್ಕೆ ಪಾತ್ರೆ ತೊಳೆ ಅಂದರೆ, ಪಾತ್ರೆ ತೊಳೆಯೋದು ತಪ್ಪು ಮಾಡಿದವರ ಕೆಲಸ ಅಂತ ತಲೆಯಲ್ಲಿ ಕೂರುತ್ತದೆ.

ಈಗಿನ ಮಕ್ಕಳ ಬಾಯಿ ಕೇಳಬೇಕು. ನನ್ನ ಮೊಮ್ಮಗಳಿಗೆ ಹನ್ನೊಂದು ವರ್ಷ. ಬಟ್ಟೆ ಮಡಿಸು ಅಂದರೆ "ಅಜ್ಜಿ, ಇದು ಬಾಲ ಕಾರ್ಮಿಕ ಪದ್ಧತಿ!" ಅನ್ನುತ್ತಾಳೆ. ನಾನೂ ಬಿಡೋದಿಲ್ಲ. ಬಾಲ ಕಾರ್ಮಿಕ ಕಾನೂನಿನ 2016ರ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನವರನ್ನು ದುಡಿಮೆಗೆ ಇಟ್ಟುಕೊಳ್ಳುವ ಹಾಗಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಅಪಾಯವಿಲ್ಲದ ಕೆಲಸಕ್ಕೆ ಮನೆಯವರ ಜೊತೆ ಕೈ ಹಾಕಬಹುದು ಅಂತ ಅದೇ ಕಾನೂನಿನಲ್ಲಿದೆ ಅಂದೆ. ನಗುತ್ತಲೇ ಲಂಗ, ಯೂನಿಫಾರಂ ಮಡಿಸಿದಳು. ಕಾನೂನು ಏನೇ ಹೇಳಲಿ, ಓದು ಮತ್ತು ಆಟದ ಹೊತ್ತು ತಿನ್ನುವ ಕೆಲಸ ಮಗುವಿಗೆ ಬೇಡ.

ಗಂಡು ಮಕ್ಕಳ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಅಕ್ಕ ರೊಟ್ಟಿ ಬಡಿಯೋದು, ತಮ್ಮ ಮೊಬೈಲ್ ಒತ್ತೋದು, ಇದು ಇನ್ನೂ ಎಷ್ಟು ಮನೆಗಳಲ್ಲಿ ನಡೆದಿದೆ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಲ್ಲಿ ಶುರುವಾಯಿತು. ಎಂಜಿನಿಯರಿಂಗ್ ಕಾಲೇಜು ಅದಕ್ಕೂ ಮುಂಚೆಯೇ ಇತ್ತು, ಹೀಗೆ ನಮ್ಮೂರು ಹಾಸ್ಟೆಲ್ ಮಕ್ಕಳ ಊರಾಯಿತು. ನಮ್ಮ ಮಾಳಿಗೆ ರೂಮನ್ನೂ ಓದುವ ಹುಡುಗರಿಗೇ ಬಾಡಿಗೆಗೆ ಕೊಡುತ್ತೇವೆ. ಅವರಲ್ಲಿ ಒಬ್ಬ, ಒಳ್ಳೇ ಜಾಣ ಹುಡುಗ, ಜೀನ್ಸ್ ಪ್ಯಾಂಟನ್ನು ಹಿಂಡದೆಯೇ ತಂತಿ ಮೇಲೆ ಹಾಕಿದ್ದ. ನೀರು ತೊಟಕ್ ತೊಟಕ್ ಅಂತ ಕೆಳಗೆ ಒಣಹಾಕಿದ್ದ ನನ್ನ ಸಂಡಿಗೆ ಮೇಲೆ! "ಹಿಂಡಬೇಕಾ ಅಜ್ಜಿ?" ಅಂತ ಕೇಳಿದ. ಹುಡುಗನದ್ದು ತಪ್ಪಲ್ಲ, ಹದಿನೆಂಟು ವರ್ಷ ಅವನ ಕೈಗೆ ಒದ್ದೆ ಬಟ್ಟೆ ಯಾರೂ ಕೊಟ್ಟಿರಲಿಲ್ಲ. ಮನೆಯ ಯಜಮಾನ ಉಂಡ ತಟ್ಟೆ ತಾನೇ ಎತ್ತಿದರೆ ಮಗನಿಗೆ ಬೇರೆ ಪಾಠ ಬೇಕಾಗಿಲ್ಲ.

ಹತ್ತನೇ ತರಗತಿ ಬಂತು ಅಂತ ಎಲ್ಲ ಕೆಲಸದಿಂದ ಬಿಡಿಸುವವರೂ ಇದ್ದಾರೆ. ಜಾಸ್ತಿ ಕೆಲಸ ಬೇಡ, ಒಪ್ಪಿದೆ. ಆದರೆ ತನ್ನ ಹಾಸಿಗೆ, ತನ್ನ ತಟ್ಟೆ ಬಿಡಿಸಬೇಡಿ. ಓದಿ ಓದಿ ಬೇಸರ ಬಂದಾಗ ಗಿಡಕ್ಕೆ ನೀರು ಹಾಕಿ ಬಂದರೆ ಕಣ್ಣಿಗೂ ಹಿತ.

ಹೊಸದಾಗಿ ಶುರು ಮಾಡುವವರು ಶಾಲೆ ನಡೆಯುವ ದಿನಗಳಲ್ಲಿ ಹೊರಡಬೇಡಿ, ಬೆಳಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಜಗಳವೇ ಆಗೋದು. ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ ರಜೆ ಸಿಗುತ್ತದಲ್ಲ, ಅದರ ಮೊದಲ ವಾರ ಹಿಡಿಯಿರಿ. ಎಲ್ಲರೂ ಕೂತು ಯಾವ ಕೆಲಸ ಯಾರಿಗೆ ಅಂತ ಮಾತಾಡಿ, ಮಗುವೇ ಆರಿಸಿಕೊಳ್ಳಲಿ. ಒಂದೇ ಕೆಲಸ, ಒಂದೇ ಹೊತ್ತು. ರಜೆ ಮುಗಿಯುವಷ್ಟರಲ್ಲಿ ಅದು ರೂಢಿಯಾಗಿರುತ್ತದೆ. ಶಾಲೆ ಮತ್ತೆ ಶುರುವಾದ ಮೇಲೆ ಇನ್ನೊಂದನ್ನೇ ಸೇರಿಸಿ: ಮನೆಗೆ ಬಂದ ಕೂಡಲೇ ಟಿಫಿನ್ ಡಬ್ಬಿ ತೆಗೆದು, ಮುಚ್ಚಳದ ರಬ್ಬರ್ ಬಿಚ್ಚಿ, ತೊಳೆದು ಬೋರಲು ಹಾಕೋದು.