ಹಳೆಯ ಪುಟ್ಟ ಕ್ಯಾಂಪಿಂಗ್ ಟ್ರೇಲರ್: ಕಡಿಮೆ ಖರ್ಚಿನಲ್ಲಿ ನೋಂದಣಿ

ಅಮೆರಿಕದಲ್ಲಿ ಐವತ್ತು ಅರವತ್ತು ವರ್ಷ ಹಳೆಯ ಪುಟ್ಟ ಕ್ಯಾಂಪಿಂಗ್ ಟ್ರೇಲರ್ ಕೊಳ್ಳುವವರು ಮೊದಲು ನೋಡುವುದು ಚಾವಣಿ ಸೋರುತ್ತದೆಯೇ, ನೆಲದ ಹಲಗೆ ಕೊಳೆತಿದೆಯೇ ಎಂದು. ಅವೆರಡನ್ನೂ ದುಡ್ಡು ಹಾಕಿ ಸರಿಮಾಡಬಹುದು. ಕಬ್ಬಿಣದ ಮೇಲಿನ ಸೀರಿಯಲ್ ನಂಬರಿಗೂ ಕಾಗದದಲ್ಲಿರುವುದಕ್ಕೂ ತಾಳೆಯಾಗದಿದ್ದರೆ ತಿಂಗಳುಗಟ್ಟಲೆ ಅಲೆದಾಟ. ಹಾಗಾಗಿ ಹಣ ಕೊಡುವ ಮುಂಚೆಯೇ ನಂಬರ್ ಹುಡುಕಿ.

17 ಅಕ್ಷರಗಳ ವಿನ್ (ವಾಹನದ ಗುರುತಿನ ಸಂಖ್ಯೆ) ಪದ್ಧತಿ ಬಂದದ್ದು 1981ರ ಮಾದರಿಗಳಿಂದ. ಅದಕ್ಕೂ ಹಳೆಯವುಗಳಲ್ಲಿ ಒಬ್ಬೊಬ್ಬ ತಯಾರಕರದು ಒಂದೊಂದು ರೀತಿಯ ಚಿಕ್ಕ ಸಂಖ್ಯೆ. ಸಾಮಾನ್ಯವಾಗಿ ಅದು ಮುಂದಿನ ಕೊಂಡಿಯ ಹಿಂದಿರುವ ಎ ಆಕಾರದ ಚೌಕಟ್ಟಿನ ಮೇಲೆ ಅಚ್ಚೊತ್ತಿರುತ್ತದೆ, ಇಲ್ಲವೇ ಬಾಗಿಲ ಬಳಿಯ ತಗಡಿನ ಪಟ್ಟಿಯಲ್ಲಿರುತ್ತದೆ. ನಾಲ್ಕೈದು ಪದರ ಬಣ್ಣದಡಿ ಹೂತುಹೋಗಿದ್ದರೂ ಗ್ರೈಂಡರ್ ಹಿಡಿಯಲೇಬೇಡಿ. ಅಚ್ಚು ಆಳವಿರುವುದಿಲ್ಲ, ಸವೆದುಹೋದರೆ ನಂಬರ್ ಅಳಿಸಿದ ಗಾಡಿ ಎಂಬ ಅನುಮಾನ ನಿಮ್ಮ ಮೇಲೇ ಬರುತ್ತದೆ. ಬಣ್ಣ ಕರಗಿಸುವ ಪೇಸ್ಟ್ ಹಚ್ಚಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ನೈಲಾನ್ ಬ್ರಷ್ಷಿನಿಂದ ಉಜ್ಜಿ ಒರೆಸಿ. ತೆಳು ಕಾಗದವಿಟ್ಟು ಪೆನ್ಸಿಲನ್ನು ಅಡ್ಡಡ್ಡ ತೀಡಿದರೆ ಕಣ್ಣಿಗೆ ಕಾಣದ ಗೆರೆಗಳೂ ಮೂಡುತ್ತವೆ. 8 ಮತ್ತು ಬಿ, 5 ಮತ್ತು ಎಸ್, ಸೊನ್ನೆ ಮತ್ತು ಓ ಅದಲುಬದಲಾಗುವುದು ಇಲ್ಲೇ. ಕೊಂಡಿಯ ಮೇಲೇ ಇರುವ ಅಂಕಿಗಳು ಬಹುಪಾಲು ಅದು ತಾಳುವ ತೂಕದವು. ಅವನ್ನು ಸೀರಿಯಲ್ ನಂಬರ್ ಎಂದು ಬರೆದುಕೊಡಬೇಡಿ.

ಆಮೇಲೆ ಟೈಟಲ್, ಅಂದರೆ ಗಾಡಿಯ ಮಾಲೀಕತ್ವದ ಪತ್ರ. ಅದರಲ್ಲಿರುವ ಹೆಸರೂ ಮಾರುವವರ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ನಡುವಿನವರೊಬ್ಬರು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ಮಾರುತ್ತಿದ್ದರೆ ಮಾಲೀಕತ್ವದ ಸರಪಳಿ ಅಲ್ಲೇ ಕಡಿದಿದೆ. ಅವರ ಬಾಕಿ ತೆರಿಗೆ, ದಂಡ ನಿಮ್ಮ ತಲೆಗೆ ಬರಬಹುದು. ಟೈಟಲ್ ಕಳೆದಿದೆ ಎಂದರೆ ಮಾರುವವರಿಂದಲೇ ಡೂಪ್ಲಿಕೇಟ್ ಹಾಕಿಸಿ, ಅದು ಕೈಸೇರುವವರೆಗೆ ಪೂರ್ತಿ ಹಣ ಕೊಡಬೇಡಿ. ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಹಳೆಯ ಬ್ಯಾಂಕ್ ಸಾಲದ ನಮೂದು ಉಳಿದಿದ್ದು ಆ ಬ್ಯಾಂಕೇ ದಿವಾಳಿಯಾಗಿದ್ದರೆ, ಸಾಲಮುಕ್ತಿ ಪತ್ರಕ್ಕೆ ಬ್ಯಾಂಕ್ ಠೇವಣಿಗಳಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಐಸಿಗೆ ಬರೆಯಬಹುದು.

ಟೈಟಲ್ ಏನೂ ಸಿಗದಿದ್ದಾಗ ಯಾರಿಗೋ ದುಬಾರಿ ಶುಲ್ಕ ಕಟ್ಟುವ ಮೊದಲು ನಿಮ್ಮ ರಾಜ್ಯದ ವಾಹನ ನೋಂದಣಿ ಇಲಾಖೆಯಾದ ಡಿಎಂವಿಯನ್ನು ಒಂದು ಪ್ರಶ್ನೆ ಕೇಳಿ: ಇಷ್ಟು ಹಳೆಯ, ಇಷ್ಟು ಹಗುರದ ಟ್ರೇಲರಿಗೆ ಟೈಟಲ್ ಬೇಕೇ? ಹಗುರ ಟ್ರೇಲರುಗಳಿಗೆ ಕೆಲವು ರಾಜ್ಯಗಳು ಅದನ್ನು ಕೇಳುವುದೇ ಇಲ್ಲ, ಮಾರಾಟದ ಚೀಟಿ ಸಾಕು. ಅದರಲ್ಲಿ ತಾರೀಕು, ನಿಜವಾದ ಬೆಲೆ, ವರ್ಷ, ತಯಾರಕರು, ಸೀರಿಯಲ್ ನಂಬರ್, ಇಬ್ಬರ ವಿಳಾಸ ಮತ್ತು ಸಹಿ ಇರಲಿ. ನೋಟರಿ ಬೇಕೇ ಎಂದೂ ಕೇಳಿಕೊಳ್ಳಿ.

ಟೈಟಲ್ ಬೇಕೇ ಬೇಕು ಎಂದಾದರೆ, ಅವಕಾಶವಿರುವ ರಾಜ್ಯಗಳಲ್ಲಿ ಬಾಂಡ್ ಟೈಟಲ್ ಇದೆ: ನಿಜವಾದ ಮಾಲೀಕರು ಮುಂದೆ ಬಂದರೆ ಅವರ ನಷ್ಟ ತುಂಬಿಕೊಡುವ ಬಾಂಡ್ ಇಟ್ಟು ಪಡೆಯುವ ಟೈಟಲ್. ಬಾಂಡ್ ಮೊತ್ತ ಹಲವು ಕಡೆ ಗಾಡಿಯ ಬೆಲೆಯ ಒಂದೂವರೆ ಪಟ್ಟು. ಕೈಯಿಂದ ಹೋಗುವುದು ಅದರ ಸಣ್ಣ ಪಾಲಾದ ಪ್ರೀಮಿಯಂ ಮಾತ್ರ. ಬಹಳ ಕಡೆ 3 ವರ್ಷ ಯಾರೂ ಹಕ್ಕು ಸಾಧಿಸದಿದ್ದರೆ ಟೈಟಲ್ ಶುದ್ಧವಾಗುತ್ತದೆ. ಕಾರ್ಖಾನೆಯ ಟ್ರೇಲರನ್ನು ಮನೆಯಲ್ಲಿ ಕಟ್ಟಿದ್ದು ಎಂದು ತೋರಿಸುವ ಸಲಹೆ ಆಗಾಗ ಕೇಳಿಬರುತ್ತದೆ. ಅದು ಸುಳ್ಳು ಪ್ರಮಾಣ, ಮುಂದೆ ಮಾರುವಾಗ ಬೆಲೆಯನ್ನೂ ಇಳಿಸುತ್ತದೆ.

ನೋಂದಣಿ ಶುಲ್ಕ ತೂಕದ ಮೇಲಿದ್ದರೆ ಟ್ರಕ್ ಸ್ಟಾಪಿನಲ್ಲಿರುವ, ಗಾಡಿಗಳನ್ನು ತೂಗುವ ಕ್ಯಾಟ್ ಸ್ಕೇಲಿನಲ್ಲಿ ತೂಗಿಸಿ ಚೀಟಿ ಪಡೆಯಿರಿ. ಖಾಲಿ ತೂಕ ಕೇಳಿದ್ದಾರೆ ಎಂದರೆ ನೀರಿನ ಟ್ಯಾಂಕ್ ಬರಿದು ಮಾಡಿಯೇ ಹೋಗಿ. ಒಂದು ಗ್ಯಾಲನ್ ನೀರೇ 8.3 ಪೌಂಡ್. ಅಗ್ಗದ ಪುರಾತನ ವಾಹನ ಪ್ಲೇಟಿನ ಆಸೆಗೆ ಬೀಳುವ ಮೊದಲು ಷರತ್ತು ಓದಿ. ಅದನ್ನು ಪ್ರದರ್ಶನ, ಮೆರವಣಿಗೆಗಳಿಗೆ ಸೀಮಿತ ಮಾಡಿರುವ ರಾಜ್ಯಗಳಲ್ಲಿ ಕ್ಯಾಂಪಿಂಗಿಗೆ ಹೋಗುವಂತಿಲ್ಲ.

ತಪಾಸಣೆಗೆ ಒಯ್ಯುವ ಹಿಂದಿನ ದಿನ ದೀಪಗಳನ್ನು ನೋಡಿ. ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಬಿಳಿ ತಂತಿ ಅರ್ಥಿಂಗ್, ಕಂದು ಹಿಂದಿನ ದೀಪ, ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್. ಎಡ ಇಂಡಿಕೇಟರ್ ಹಾಕಿದಾಗ ಎರಡೂ ಬದಿ ಮಂಕಾಗಿ ಮಿನುಗಿದರೆ ಬಲ್ಬ್ ಬದಲಿಸುವ ಮೊದಲು ಬಿಳಿ ತಂತಿಯ ತುದಿ ಬಿಚ್ಚಿ, ಅದರಡಿಯ ತುಕ್ಕು ಕೆರೆದು, ಬರಿ ಲೋಹಕ್ಕೆ ಬಿಗಿಯಿರಿ.